ಸ್ಟರ್ನ್‌ಬರ್ಜಿಯಾ ಕ್ಯಾಂಡಿಡಾ: ಬೇಸಿಗೆಯಿಡೀ ಒಣಗಿ ಮಲಗಬೇಕಾದ ಬಿಳಿ ಹೂವು

ಸ್ಟರ್ನ್‌ಬರ್ಜಿಯಾ ಕ್ಯಾಂಡಿಡಾ ಚಳಿಗೆ ಸಾಯುವುದಕ್ಕಿಂತ ಬೇಸಿಗೆಯ ನೀರಿಗೆ ಸಾಯುವುದೇ ಹೆಚ್ಚು. ಎಲೆ ಒಣಗಿ, ನೆಲದ ಮೇಲೆ ಗಿಡದ ಗುರುತೇ ಇಲ್ಲದ ದಿನಗಳಲ್ಲಿ, ಪಕ್ಕದ ಗಿಡಕ್ಕೆಂದು ಹಾಕಿದ ನೀರು ಬೆಚ್ಚಗಿನ ಮಣ್ಣಿನಲ್ಲಿ ನಿಲ್ಲುತ್ತದೆ. ಗೆಡ್ಡೆ ಒಳಗೊಳಗೇ ಕೊಳೆಯುತ್ತದೆ. ಇದು ಗೊತ್ತಾಗುವುದು ತಿಂಗಳುಗಳ ಮೇಲೆ, ಎಲೆ ಮೂಡಬೇಕಾದ ಜಾಗ ಚಳಿಗಾಲದಲ್ಲಿ ಖಾಲಿ ಉಳಿದಾಗ. ಆಗ ದೂರು ಚಳಿಯ ಮೇಲೆ ಹೋಗುತ್ತದೆ. ಮುಂದಿನ ಸಲ ಗೊಬ್ಬರ ಹೆಚ್ಚಾಗುತ್ತದೆ, ಹೊದಿಕೆ ದಪ್ಪವಾಗುತ್ತದೆ, ಫಲ ಮಾತ್ರ ಬದಲಾಗುವುದಿಲ್ಲ. ಮೆಡಿಟರೇನಿಯನ್ ಸೀಮೆಯ ಈ ಅಪರೂಪದ ಗೆಡ್ಡೆಗಿಡವನ್ನು ಬಂಡೆತೋಟದಲ್ಲಿ ಬೆಳೆಸುವ ವಿದ್ಯೆಯಲ್ಲಿ ಮುಕ್ಕಾಲು ಪಾಲು ಒಂದೇ ಕೆಲಸ: ಅದು ಮಲಗಿರುವ ತಿಂಗಳುಗಳಲ್ಲಿ ಅದಕ್ಕೆ ತೇವ ತಾಗದಂತೆ ನೋಡಿಕೊಳ್ಳುವುದು. ಮಣ್ಣಿನ ಮಿಶ್ರಣ, ಕಲ್ಲಿನ ಓರೆ, ನೆಡುವ ಆಳ, ಪಕ್ಕದಲ್ಲಿ ಯಾವ ಗಿಡ ಇರಬೇಕು ಎಂಬುದೆಲ್ಲ ಈ ಒಂದು ಕೆಲಸಕ್ಕಾಗಿಯೇ ಇದೆ.

ಸ್ಟರ್ನ್‌ಬರ್ಜಿಯಾ ಕುಲಕ್ಕೆ 1804ರಲ್ಲಿ ಈ ಹೆಸರು ಬಂತು. ಬೊಹೀಮಿಯಾದ ಸಸ್ಯವಿಜ್ಞಾನಿ ಕೌಂಟ್ ಕಾಸ್ಪರ್ ಸ್ಟರ್ನ್‌ಬರ್ಗ್ ಅವರ ಗೌರವಾರ್ಥ ಇಟ್ಟ ಹೆಸರಿದು. ನಾರ್ಸಿಸಸ್, ಸ್ನೋಡ್ರಾಪ್ ಮೊದಲಾದವು ಇರುವ ಅಮರಿಲ್ಲಿಸ್ ಕುಟುಂಬದ ಪುಟ್ಟ ಕುಲ. ತೋಟಗಳಲ್ಲಿ ಹೆಚ್ಚು ಕಾಣುವುದು ಶರತ್ಕಾಲದಲ್ಲಿ ಹಳದಿ ಹೂ ಬಿಡುವ ಲೂಟಿಯಾ. ವಸಂತದಲ್ಲಿ ಅರಳುವ ಇನ್ನೊಂದು ಹಳದಿ ಪ್ರಭೇದ ವರ್ನಾಲಿಸ್ ತುರ್ಕಿಯಿಂದ ಕಾಶ್ಮೀರದವರೆಗೂ ಹಬ್ಬಿದೆ. ಇಡೀ ಕುಲದಲ್ಲಿ ಬಿಳಿ ಹೂವಿನದು ಕ್ಯಾಂಡಿಡಾ ಒಂದೇ. ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಬ್ರಯನ್ ಮ್ಯಾಥ್ಯೂ ಮತ್ತು ಇಸ್ತಾಂಬುಲ್ ವಿಶ್ವವಿದ್ಯಾಲಯದ ತುರ್ಹಾನ್ ಬೈತೋಪ್ ಸೇರಿ ಇದನ್ನು ಹೊಸ ಪ್ರಭೇದವೆಂದು ವಿವರಿಸಿದ್ದು 1979ರಲ್ಲಿ. ಗೆಡ್ಡೆಗಿಡಗಳ ಲೋಕದಲ್ಲಿ ಇದು ತೀರ ಈಚಿನ ಮಾತು. ಇಷ್ಟು ಎದ್ದು ಕಾಣುವ ಹೂವೊಂದು ಅಲ್ಲಿಯವರೆಗೆ ಸಸ್ಯವಿಜ್ಞಾನಿಗಳ ಕಣ್ಣಿಗೆ ಬೀಳದೆ ಉಳಿದದ್ದಕ್ಕೆ ಕಾರಣ ಅದರ ನೆಲೆಯ ಚಿಕ್ಕತನ ಮತ್ತು ಹೂ ಬಿಡುವ ಕಾಲ. ಬೆಟ್ಟ ಹತ್ತಿ ಗಿಡ ಹುಡುಕುವವರು ಕಡಿಮೆ ಇರುವ ಜನವರಿ, ಫೆಬ್ರವರಿಯ ಹೊತ್ತಿಗೆ ಅದು ಅರಳುತ್ತದೆ.

ಹೂವಿಗೆ ಆರು ಎಸಳು, ಬಟ್ಟಲಿನ ಆಕಾರ, ನಡುವೆ ಹಳದಿ ಕೇಸರಗಳು, ಇಂಪಾದ ಪರಿಮಳ. ಹೂದಂಡು ಒಂದು ಗೇಣಿನ ಒಳಗೇ ಇರುತ್ತದೆ. ಎಲೆಗಳು ಬೂದು ಮಿಶ್ರಿತ ಹಸಿರು, ಸುಮಾರು ಒಂದು ಸೆಂಟಿಮೀಟರ್ ಅಗಲ, ತುಸು ತಿರುಚಿದಂತೆ. ಹೂ ಅರಳುವಾಗ ಎಲೆಯೂ ಜೊತೆಗಿರುತ್ತದೆ. ಮಂಕು ಬೆಳಕಿನ ಚಳಿಗಾಲದಲ್ಲಿ ಇಷ್ಟು ಶುಭ್ರವಾದ ಬಿಳುಪನ್ನು ಕೊಡುವ ಬಂಡೆತೋಟದ ಗಿಡ ನನ್ನ ಲೆಕ್ಕದಲ್ಲಿ ಇನ್ನೊಂದಿಲ್ಲ.

ಇದರ ಹುಟ್ಟೂರು ತುರ್ಕಿಯ ನೈರುತ್ಯ ಭಾಗದ ಮೂಲಾ ಪ್ರಾಂತ್ಯದಲ್ಲಿ, ಫೆತಿಯೆ ಪಟ್ಟಣದ ಹಿನ್ನೆಲೆಯ ಬೆಟ್ಟಗಳಲ್ಲಿ. ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದ ಸುಣ್ಣಕಲ್ಲಿನ ಇಳಿಜಾರು, ಸೀಡರ್ ಕಾಡಿನ ಅಂಚು. ಅಲ್ಲಿನ ವರ್ಷದ ಲಯ ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಹಿಂದೆ ಬರುತ್ತದೆ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಮಳೆ, ಎತ್ತರದಲ್ಲಿ ಹಿಮ. ಮೇ ತಿಂಗಳಿಂದ ನೆಲ ಒಣಗತೊಡಗುತ್ತದೆ. ಜೂನ್, ಜುಲೈ, ಆಗಸ್ಟ್‌ನಲ್ಲಿ ಮಳೆ ಹೆಸರಿಗಷ್ಟೇ. ಬಿಸಿಲಿಗೆ ಕಲ್ಲು ಕಾದು ನಿಲ್ಲುತ್ತದೆ. ನೀರು ಇರುವಾಗ ಚಳಿ, ಸೆಕೆ ಇರುವಾಗ ಬರ. ನೀರೂ ಸೆಕೆಯೂ ಒಟ್ಟಿಗೆ ಬರುವ ಕಾಲವೇ ಅಲ್ಲಿಲ್ಲ. ಗಿಡ ತನ್ನ ಬದುಕನ್ನು ಇದಕ್ಕೆ ಸರಿಯಾಗಿ ಹೊಂದಿಸಿಕೊಂಡಿದೆ. ತಂಪಿನಲ್ಲಿ ಬೇರು ಬಿಡುತ್ತದೆ, ಎಲೆ ತೆಗೆಯುತ್ತದೆ, ಹೂ ಬಿಡುತ್ತದೆ; ಸೆಕೆ ಬರುವ ಹೊತ್ತಿಗೆ ಎಲೆಯ ಸತ್ವವನ್ನೆಲ್ಲ ಗೆಡ್ಡೆಗೆ ಇಳಿಸಿ ಮಲಗುತ್ತದೆ.

ಮಲಗುತ್ತದೆ ಎಂದರೂ ಒಳಗೆ ಕೆಲಸ ನಿಂತಿರುವುದಿಲ್ಲ. ಗೆಡ್ಡೆ ಎಂದರೆ ಒಂದು ಚಪ್ಪಟೆ ತಳಬಿಲ್ಲೆಯ ಮೇಲೆ ಒತ್ತೊತ್ತಾಗಿ ಕೂತ, ಆಹಾರ ತುಂಬಿದ ಎಲೆಪದರಗಳ ಕಟ್ಟು. ತಳಬಿಲ್ಲೆಯೇ ನಿಜವಾದ ಕಾಂಡ. ಬೇರು ಅದರ ಅಂಚಿನಿಂದ ಕೆಳಕ್ಕೆ, ಪದರಗಳು ಮೇಲಕ್ಕೆ. ಪದರಗಳ ನಡುವಿನ ಬೆಳವಣಿಗೆಯ ತುದಿ ಬರಲಿರುವ ಕಾಲದ ಎಲೆ ಮತ್ತು ಹೂಮೊಗ್ಗನ್ನು ಗೆಡ್ಡೆಯೊಳಗೇ ರೂಪಿಸಿ ಇಟ್ಟುಕೊಳ್ಳುತ್ತದೆ. ನಾವು ಚಳಿಗಾಲದಲ್ಲಿ ಕಾಣುವ ಹೂವು ಅದಕ್ಕೆ ಎಷ್ಟೋ ಮೊದಲೇ ಕತ್ತಲಲ್ಲಿ ತಯಾರಾಗಿರುತ್ತದೆ. ಈ ತಯಾರಿಗೆ ಬೇಸಿಗೆಯ ಒಣ ಬಿಸಿ ಬೇಕು. ತೋಟಗಾರರು ಗೆಡ್ಡೆ ಮಾಗುವುದು ಎನ್ನುವುದು ಇದನ್ನೇ. ತಂಪಾದ, ಮೋಡ ಕವಿದ ಬೇಸಿಗೆ ಕಳೆದ ಗೆಡ್ಡೆ ಸಾಯದಿದ್ದರೂ ಮುಂದಿನ ಚಳಿಗಾಲದಲ್ಲಿ ಬರೀ ಎಲೆ ಬಿಟ್ಟು ಸುಮ್ಮನಾಗಬಹುದು.

ಇನ್ನು ನೀರಿನ ವಿಷಯ. ಬಸಿಯುವ ಮಣ್ಣು ಬೇಕು ಎಂದು ಎಲ್ಲರೂ ಬರೆಯುತ್ತಾರೆ. ಏಕೆ ಎನ್ನುವುದನ್ನು ಬಿಡಿಸಿ ಹೇಳುವವರು ಕಡಿಮೆ. ನೀರು ತಾನಾಗಿ ಗೆಡ್ಡೆಯನ್ನು ಕೊಳೆಸುವುದಿಲ್ಲ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಇದ್ದರೆ ಬೇರಿಗೂ ತಳಬಿಲ್ಲೆಗೂ ಆಮ್ಲಜನಕ ಸಿಗುತ್ತದೆ. ಆ ಸಂದುಗಳನ್ನು ನೀರು ತುಂಬಿದರೆ ಪರಿಸ್ಥಿತಿ ಬೇರೆ. ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಚಳಿಯಲ್ಲಿ ಇದು ಅಷ್ಟು ಕೆಡುಕಲ್ಲ. ತಣ್ಣೀರು ಹೆಚ್ಚು ಆಮ್ಲಜನಕ ಹಿಡಿದಿಡುತ್ತದೆ, ಬೇರಿನ ಉಸಿರಾಟವೂ ನಿಧಾನ, ಶಿಲೀಂಧ್ರಗಳೂ ಜಡ. ಮಣ್ಣು ಹತ್ತು ಡಿಗ್ರಿ ಹೆಚ್ಚು ಬಿಸಿಯಾದರೆ ಇಂಥ ಜೈವಿಕ ಕ್ರಿಯೆಗಳು ಹೆಚ್ಚುಕಡಿಮೆ ದುಪ್ಪಟ್ಟಾಗುತ್ತವೆ. ಹೀಗಾಗಿ ಜನವರಿಯಲ್ಲಿ ಒಂದು ವಾರ ನೆನೆದ ಗೆಡ್ಡೆ ಏನೂ ಆಗದಂತೆ ಉಳಿಯುತ್ತದೆ. ಜುಲೈಯಲ್ಲಿ ಅದೇ ನೆನೆತ ಅದನ್ನು ಮುಗಿಸುತ್ತದೆ. ಎಲೆ ಇಲ್ಲದ ಕಾಲದಲ್ಲಿ ನೀರನ್ನು ಹೀರಿ ಆವಿಯಾಗಿಸುವ ದಾರಿಯೂ ಗಿಡಕ್ಕಿಲ್ಲ, ಬಂದ ತೇವ ಅಲ್ಲೇ ಉಳಿಯುತ್ತದೆ.

ಕುಂಡದ ಅಥವಾ ಪಾತಿಯ ತಳಕ್ಕೆ ಒಂದು ಪದರ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಅದು ತಪ್ಪು. ನುಣ್ಣಗಿನ ಮಣ್ಣಿನ ಕಿರುಸಂದುಗಳು ನೀರನ್ನು ಬಿಗಿಯಾಗಿ ಹಿಡಿದಿರುತ್ತವೆ, ಜಲ್ಲಿಯ ದೊಡ್ಡ ಸಂದುಗಳಿಗೆ ಆ ನೀರನ್ನು ಎಳೆದುಕೊಳ್ಳುವ ಶಕ್ತಿ ಇಲ್ಲ. ಮಣ್ಣು ಮುಗಿದು ಜಲ್ಲಿ ಶುರುವಾಗುವ ಗಡಿಯಲ್ಲಿ ನೀರು ನಿಂತುಬಿಡುತ್ತದೆ. ಮೇಲಿನ ಮಣ್ಣು ಪೂರ್ತಿ ತೊಯ್ದ ಮೇಲಷ್ಟೇ ಕೆಳಕ್ಕೆ ಇಳಿಯುತ್ತದೆ. ಅಂದರೆ ಜಲ್ಲಿಯ ಪದರ ಕೊಳೆಯುವ ವಲಯವನ್ನು ಗೆಡ್ಡೆಯ ಹತ್ತಿರಕ್ಕೇ ಏರಿಸುತ್ತದೆ. ನೀರು ಹೀರಿದ ಒಂದು ಆಯತಾಕಾರದ ಸ್ಪಂಜನ್ನು ಚಪ್ಪಟೆಯಾಗಿ ಹಿಡಿದು ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾದು, ಆಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿ ನೋಡಿ. ಮತ್ತಷ್ಟು ನೀರು ಸುರಿಯುತ್ತದೆ. ಸ್ಪಂಜು ಅದೇ, ಸಂದುಗಳೂ ಅವೇ. ಬದಲಾದದ್ದು ಎತ್ತರ ಮಾತ್ರ. ಬಂಡೆತೋಟದ ಗುಟ್ಟು ಇದೇ. ಮಣ್ಣನ್ನು ಸುತ್ತಲಿನ ನೆಲದಿಂದ ಮೇಲಕ್ಕೆತ್ತಿದರೆ ತೊಯ್ದ ವಲಯ ಬುಡದಲ್ಲಿ ಉಳಿಯುತ್ತದೆ, ಗೆಡ್ಡೆ ಅದರಿಂದ ದೂರ, ಗಾಳಿಯಾಡುವ ಮೇಲುಭಾಗದಲ್ಲಿ ಇರುತ್ತದೆ.

ಹಾಗಾಗಿ ಎರಡು ಮಾತು. ಪಾತಿ ಸುತ್ತಲಿನ ನೆಲಕ್ಕಿಂತ 30ರಿಂದ 45 ಸೆಂಟಿಮೀಟರ್ ಎತ್ತರ ಇರಲಿ. ಅಂಟು ಮಣ್ಣಿನ ನೆಲವಾದರೆ ಇನ್ನೂ ಎತ್ತರ. ಮತ್ತು ಜಲ್ಲಿ ತಳದಲ್ಲಿ ಪದರವಾಗಿ ಬೇಡ, ಮಣ್ಣಿನ ಉದ್ದಗಲಕ್ಕೂ ಬೆರೆತಿರಲಿ. ಒಂದು ಪಾಲು ಒಳ್ಳೆಯ ತೋಟದ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಎಲೆಗೊಬ್ಬರ, ಎರಡು ಪಾಲು ಮೂರರಿಂದ ಆರು ಮಿಲಿಮೀಟರ್ ಗಾತ್ರದ ಕಲ್ಲಿನ ಕಡಿ ಸೇರಿಸಿದರೆ ಕೆಲಸಕ್ಕೆ ಸಾಕು. ನುಣ್ಣನೆಯ ಮರಳು ಬೇಡವೇ ಬೇಡ. ಅದು ಸಂದುಗಳನ್ನು ತೆರೆಯುವ ಬದಲು ಮುಚ್ಚುತ್ತದೆ. ಹಸಿ ಸಗಣಿ ಗೊಬ್ಬರವನ್ನು ಗೆಡ್ಡೆಯ ಹತ್ತಿರಕ್ಕೂ ತರಬಾರದು. ಮಣ್ಣು ತಟಸ್ಥ ಅಥವಾ ತುಸು ಕ್ಷಾರೀಯವಾಗಿದ್ದರೆ ಚೆನ್ನ. ತೋಟದ ಕಲ್ಲು ಸುಣ್ಣಕಲ್ಲೇ ಆಗಬೇಕೆಂಬ ಹಟ ಬೇಡ. ಗ್ರಾನೈಟ್ ಇದ್ದರೆ ಬೆರೆಸುವ ಕಡಿಯಲ್ಲಿ ಒಂದಿಷ್ಟು ಸುಣ್ಣಕಲ್ಲಿನ ಚೂರು ಸೇರಿಸಿದರಾಯಿತು.

ಕಲ್ಲನ್ನು ಕೂರಿಸುವ ಬಗೆಯಲ್ಲಿ ಬಂಡೆತೋಟದ ವಾಡಿಕೆಯ ಸಲಹೆ ಈ ಗಿಡದ ಮಟ್ಟಿಗೆ ತಲೆಕೆಳಗಾಗುತ್ತದೆ. ಕಲ್ಲಿನ ಮೇಲ್ಮೈ ಹಿಂದಕ್ಕೆ, ಅಂದರೆ ದಿಬ್ಬದ ಒಳಮುಖಕ್ಕೆ ವಾಲಿರಬೇಕು, ಬಿದ್ದ ಮಳೆ ಬೇರಿಗೆ ಇಳಿಯಬೇಕು ಎನ್ನುವುದು ವಾಡಿಕೆ. ಬೇಸಿಗೆಯಲ್ಲೂ ಹಿಮ ಕರಗಿ ನೀರು ಹರಿಯುವ ಎತ್ತರದ ಪರ್ವತಗಳ ಗಿಡಗಳಿಗೆ ಅದು ಸರಿ. ನಮ್ಮ ಗೆಡ್ಡೆಗೆ ಬೇಕಿರುವುದು ಮಳೆಯನ್ನು ಆಚೆಗೆ ಕಳುಹಿಸುವ ಕಲ್ಲು. ಬಿಸಿಲಿನ ಕಡೆಗೆ ಮುಖ ಮಾಡಿದ ದೊಡ್ಡ ಬಂಡೆಯೊಂದರ ಬುಡ, ಬಂಡೆಯ ಮೇಲಂಚು ತುಸು ಮುಂದೆ ಚಾಚಿಕೊಂಡಿದ್ದರೆ ಇನ್ನೂ ಒಳ್ಳೆಯದು. ಉತ್ತರ ಗೋಳಾರ್ಧದಲ್ಲಿ ಅದು ದಕ್ಷಿಣ ಮುಖ, ದಕ್ಷಿಣ ಗೋಳಾರ್ಧದಲ್ಲಿ ಉತ್ತರ ಮುಖ. ಹಗಲೆಲ್ಲ ಕಾದ ಬಂಡೆ ರಾತ್ರಿ ಆ ಬಿಸಿಯನ್ನು ಬಿಟ್ಟುಕೊಟ್ಟು ಬೇಸಿಗೆಯಲ್ಲಿ ಗೆಡ್ಡೆಯನ್ನು ಮಾಗಿಸುತ್ತದೆ, ಚಳಿಗಾಲದಲ್ಲಿ ಎಲೆಯನ್ನು ಕಡುಹಿಮದಿಂದ ಒಂದಿಷ್ಟು ಕಾಯುತ್ತದೆ. ಚಪ್ಪಡಿಗಳನ್ನು ನೆಟ್ಟಗೆ ಒತ್ತೊತ್ತಾಗಿ ಹೂತು ನಡುವಿನ ಬಿರುಕುಗಳಲ್ಲಿ ಗಿಡ ಬೆಳೆಸುವ, ಚೆಕ್ ದೇಶದ ಮಾದರಿಯ ತೋಟವೂ ಇದಕ್ಕೆ ಒಗ್ಗುತ್ತದೆ. ಆದರೆ ಬಿರುಕು ಗೆಡ್ಡೆ ದಪ್ಪವಾಗಿ ಮರಿ ಹಾಕುವಷ್ಟು ಅಗಲ ಇರಬೇಕು. ಬೆರಳು ತೂರುವಷ್ಟೇ ಸಂದಿನಲ್ಲಿ ಅದನ್ನು ಸಿಕ್ಕಿಸುವುದು ಗಿಡಕ್ಕೆ ಹಿಂಸೆ.

ನೆಡುವ ಆಳ 12ರಿಂದ 15 ಸೆಂಟಿಮೀಟರ್. ಮೇಲ್ಮೈ ಹತ್ತಿರ ನೆಟ್ಟರೆ ಬಿಸಿಲಿನ ಏರಿಳಿತ ನೇರವಾಗಿ ತಟ್ಟುತ್ತದೆ, ಗೆಡ್ಡೆ ದಪ್ಪವಾಗುವ ಬದಲು ಸಣ್ಣ ಸಣ್ಣ ಮರಿಗಳಾಗಿ ಒಡೆದು ಹೂ ಬಿಡದೆ ಉಳಿಯುವ ಸಂಭವವೂ ಹೆಚ್ಚು. ಈ ಕುಟುಂಬದ ಗೆಡ್ಡೆಗಳಿಗೆ ಕುಗ್ಗುಬೇರುಗಳೆಂಬ ಒಂದು ಸೊಗಸಾದ ವ್ಯವಸ್ಥೆ ಇದೆ. ಅವು ಮಣ್ಣನ್ನು ಕಚ್ಚಿ ಹಿಡಿದು ಸುಕ್ಕುಗಟ್ಟಿ, ಗೆಡ್ಡೆಯನ್ನು ವರ್ಷವರ್ಷ ತುಸು ಕೆಳಕ್ಕೆ ಎಳೆಯುತ್ತವೆ. ಸರಿಯಾದ ಆಳವನ್ನು ಗಿಡ ತಾನೇ ಹುಡುಕಿಕೊಳ್ಳಬಲ್ಲದು, ಕೆಳಗಿನ ಮಣ್ಣು ಸಡಿಲವಾಗಿದ್ದರೆ. ನೆಟ್ಟ ಮೇಲೆ ಎರಡು ಮೂರು ಸೆಂಟಿಮೀಟರ್ ದಪ್ಪಕ್ಕೆ ಕಲ್ಲಿನ ಕಡಿ ಹರಡಿದರೆ ಎಲೆಯ ಕುತ್ತಿಗೆ ಒಣಗಿರುತ್ತದೆ, ಮಳೆಹನಿಯಿಂದ ಹೂವಿಗೆ ಕೆಸರು ಸಿಡಿಯುವುದಿಲ್ಲ, ಸಿಂಬಳಹುಳುಗಳಿಗೂ ದಾರಿ ಕಷ್ಟವಾಗುತ್ತದೆ.

ಪಕ್ಕದಲ್ಲಿ ಯಾವ ಗಿಡ ಇರಬೇಕೆನ್ನುವುದು ಬಹಳ ಜನ ಯೋಚಿಸದ ವಿಷಯ. ಬೇಸಿಗೆಯಲ್ಲಿ ನೀರು ಬೇಡುವ ಯಾವ ಗಿಡವೂ ಅದೇ ಪಾತಿಯಲ್ಲಿ ಇರಬಾರದು. ಥೈಮ್‌ನಂತಹ ಒಣನೆಲದ ಪುಟ್ಟ ಪೊದೆಗಳನ್ನು ಒಂದು ಗೇಣು ದೂರದಲ್ಲಿ ನೆಟ್ಟರೆ ಅವುಗಳ ಬೇರುಗಳು ಬೇಸಿಗೆಯ ಅಕಾಲ ಮಳೆಯ ತೇವವನ್ನು ಹೀರಿಬಿಡುತ್ತವೆ. ಆದರೆ ಅವು ಗೆಡ್ಡೆಯ ಮೇಲೆಯೇ ಹಬ್ಬಿ ಕೂತರೆ ನೆಲಕ್ಕೆ ಬಿಸಿಲು ತಾಗದು. ಆಗಾಗ ಕತ್ತರಿಸಿ ದೂರ ಇಡಬೇಕು.

ಬೇಸಿಗೆಯಲ್ಲಿ ಮಳೆ ಸುರಿಯುವ ಸೀಮೆಗಳಲ್ಲಿ ಮೇಲೆ ಹೇಳಿದ್ದೆಲ್ಲವನ್ನೂ ಮಾಡಿದರೂ ಸಾಲದು, ಸೂರು ಬೇಕು. ಎಲೆ ಪೂರ್ತಿ ಹಳದಿಯಾದ ದಿನದಿಂದ ಶರತ್ಕಾಲದವರೆಗೆ ನಾಲ್ಕು ಕಲ್ಲುಗಳ ಮೇಲೆ ಒಂದು ಗಾಜಿನ ಹಲಗೆಯನ್ನು ಓರೆಯಾಗಿ ಇಡುವುದು ಸರಳ ಉಪಾಯ. ನಾಲ್ಕೂ ಬದಿ ಗಾಳಿಗೆ ತೆರೆದಿರಬೇಕು. ತೋಟದ ಅಂದ ಕೆಡುತ್ತದೆ ಎಂದು ಹಿಂಜರಿಯುವವರಿಗೆ ನನ್ನ ಉತ್ತರ ಒಂದೇ: ಆ ತಿಂಗಳುಗಳಲ್ಲಿ ಅಲ್ಲಿ ನೋಡುವುದಕ್ಕೆ ಹೂವೂ ಇಲ್ಲ, ಎಲೆಯೂ ಇಲ್ಲ, ಉಳಿಯಬೇಕಾದ ಗೆಡ್ಡೆ ಮಾತ್ರ ಇದೆ. ವಿಪರೀತ ಮಳೆಯ ಸೀಮೆಯಾದರೆ ಆಳವಾದ ಮಣ್ಣಿನ ಕುಂಡದಲ್ಲಿ ನೆಟ್ಟು, ಕುಂಡವನ್ನು ಚಾವಣಿಯ ಕೆಳಗೆ ಮರಳಿನಲ್ಲಿ ಕುತ್ತಿಗೆಯವರೆಗೆ ಹೂಳುವುದೇ ಭದ್ರ. ಬೇಸಿಗೆಯಲ್ಲಿ ಸುತ್ತಲಿನ ಮರಳಿಗೆ ಅಪರೂಪಕ್ಕೆ ತುಸು ನೀರು ಚಿಮುಕಿಸಿದರೆ ಕುಂಡದೊಳಗಿನ ಮಣ್ಣು ಒದ್ದೆಯಾಗದೆಯೂ ಗೆಡ್ಡೆ ಸುಕ್ಕುಗಟ್ಟದೆಯೂ ಉಳಿಯುತ್ತದೆ. ಕಾಡಿನಲ್ಲಿ ಆಳದ ಮಣ್ಣು ಕೊಡುವ ಆಸರೆಯೂ ಇಷ್ಟೇ. ಚಳಿಗಾಲವೇ ತಂಪಾಗದ ಜಾಗಗಳಲ್ಲಿ ಮಾತ್ರ ಇದನ್ನು ಬಯಲಲ್ಲಿ ಬೆಳೆಸಲು ಹೊರಡಬಾರದು. ಬೇರು ಎಚ್ಚರಗೊಳ್ಳಲು, ಎಲೆ ನಿಧಾನವಾಗಿ ಬಲಿಯಲು ತಂಪಿನ ತಿಂಗಳುಗಳು ಬೇಕೇ ಬೇಕು.

ನೀರು ಕೊಡುವ ಕ್ರಮ ಇನ್ನು ಊಹಿಸಿದಂತೆಯೇ. ಉತ್ತರ ಗೋಳಾರ್ಧದ ಲೆಕ್ಕದಲ್ಲಿ ಸೆಪ್ಟೆಂಬರ್ ಕೊನೆಗೆ ಅಥವಾ ಅಕ್ಟೋಬರ್‌ನಲ್ಲಿ, ರಾತ್ರಿಗಳು ತಂಪಾದ ಮೇಲೆ, ಒಂದು ಸಲ ಧಾರಾಳವಾಗಿ ನೀರು. ಇದು ಗಿಡವನ್ನು ನಿದ್ದೆಯಿಂದ ಎಬ್ಬಿಸುವ ಕರೆ. ಎಲೆ ಕಾಣುವ ಮೊದಲೇ ಕೆಳಗೆ ಬೇರು ಹೊರಟಿರುತ್ತದೆ. ಚಳಿಗಾಲದುದ್ದಕ್ಕೂ ಮಣ್ಣು ಹಿತವಾಗಿ ತೇವವಿರಲಿ. ಕಡು ಹಿಮಗಾಳಿ ಬೀಸುವ ಕಡೆ ಎಲೆಯ ಮೇಲೆ ಅದೇ ಗಾಜಿನ ಸೂರು ಇಟ್ಟರೆ ಎಲೆಯೂ ಹೂವೂ ಉಳಿಯುತ್ತವೆ. ಹೂ ಮುಗಿದ ಮೇಲೆ ನೀರನ್ನು ಕಡಿಮೆ ಮಾಡುವುದು ದೊಡ್ಡ ಪ್ರಮಾದ. ಮುಂದಿನ ವರ್ಷದ ಹೂವಿಗೆ ಬೇಕಾದ ಆಹಾರವನ್ನು ಎಲೆ ಗಳಿಸುವುದು ಆಗಲೇ. ಸಾರಜನಕ ಕಡಿಮೆ, ಪೊಟ್ಯಾಶ್ ಹೆಚ್ಚು ಇರುವ ದ್ರವಗೊಬ್ಬರವನ್ನು, ಟೊಮೆಟೊಗೆ ಕೊಡುವಂಥದ್ದನ್ನು, ತೆಳುಮಾಡಿ ಎರಡು ಮೂರು ವಾರಕ್ಕೊಮ್ಮೆ ಈ ಹಂತದಲ್ಲಿ ಕೊಡಬಹುದು. ಎಲೆಯನ್ನು ಕತ್ತರಿಸಬಾರದು, ಗಂಟು ಹಾಕಬಾರದು. ಅದು ತಾನಾಗಿ ಹಳದಿಗೆ ತಿರುಗಿದಾಗ ನೀರು ನಿಲ್ಲಿಸಬೇಕು.

ರೋಗ, ಕೀಟಗಳ ಪಟ್ಟಿ ದೊಡ್ಡದಲ್ಲ. ನಾರ್ಸಿಸಸ್ ನೊಣ ವಸಂತದ ಕೊನೆಯಲ್ಲಿ ಬಾಡುತ್ತಿರುವ ಎಲೆಗಳ ಬುಡದಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಗೆಡ್ಡೆಯ ಒಳಗನ್ನು ತಿಂದು ಟೊಳ್ಳು ಮಾಡುತ್ತದೆ. ಎಲೆ ಒಣಗಿದ ಕೂಡಲೇ ಎಲೆಯ ಜಾಗದಲ್ಲಿ ಉಳಿದ ತೂತನ್ನು ಮಣ್ಣು ಕಡಿಗಳಿಂದ ಮುಚ್ಚುವುದು ಒಳ್ಳೆಯ ಅಭ್ಯಾಸ. ಗಾಳಿಯಾಡದ ಚಳಿಗಾಲದಲ್ಲಿ ಬೂದು ಬೂಷ್ಟು ಬರುತ್ತದೆ. ಬಾಡಿದ ಹೂವನ್ನು ಬೀಜಕ್ಕೆ ಬಿಡುವುದಿಲ್ಲವಾದರೆ ತೆಗೆದುಬಿಡಬೇಕು. ಎಲೆಯಲ್ಲಿ ಹಳದಿ ಗೆರೆಗಳು ವರ್ಷವರ್ಷವೂ ಕಂಡರೆ ಅದು ವೈರಸ್. ಅದಕ್ಕೆ ಮದ್ದಿಲ್ಲ, ಗಿಡವನ್ನು ಕಿತ್ತು ನಾಶ ಮಾಡಬೇಕು. ಗೆಡ್ಡೆಯಲ್ಲಿ ಲೈಕೊರಿನ್ ಮೊದಲಾದ ವಿಷಕಾರಿ ಕ್ಷಾರಾಭಗಳಿವೆ. ಮಕ್ಕಳ, ಸಾಕುಪ್ರಾಣಿಗಳ ಕೈಗೆ ಬಾಯಿಗೆ ಸಿಗದಂತೆ ಇಡಬೇಕು.

ಗೆಡ್ಡೆ ತರುವುದು ಎಲ್ಲಿಂದ ಎನ್ನುವ ಪ್ರಶ್ನೆಯನ್ನು ನಾನು ಬೇಸಾಯದ ಪ್ರಶ್ನೆಯಷ್ಟೇ ಮುಖ್ಯವೆಂದು ಎಣಿಸುತ್ತೇನೆ. ಇಷ್ಟು ಚಿಕ್ಕ ನೆಲೆಯ ಗಿಡಕ್ಕೆ ಸಂಗ್ರಾಹಕರ ಸಲಿಕೆಯೇ ದೊಡ್ಡ ಶತ್ರು. ಸ್ಟರ್ನ್‌ಬರ್ಜಿಯಾ ಕುಲ ಇಡಿಯಾಗಿ, ಸ್ನೋಡ್ರಾಪ್ ಮತ್ತು ಸೈಕ್ಲಮೆನ್‌ಗಳ ಜೊತೆಗೆ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ಗೆಡ್ಡೆ ದೇಶದ ಗಡಿ ದಾಟಬೇಕಾದರೆ ಪರವಾನಗಿ ಬೇಕು. ಗೆಡ್ಡೆಗಳ ರಫ್ತಿಗೆ ಹೆಸರಾದ ತುರ್ಕಿ 1996ರಲ್ಲಿ ಈ ಒಪ್ಪಂದಕ್ಕೆ ಸೇರಿತು. ಅಲ್ಲಿನ ಹಳ್ಳಿಗರು ಕಾಡಿನ ಗೆಡ್ಡೆ ಅಗೆಯುವ ಬದಲು ಹೊಲದಲ್ಲಿ ಬೆಳೆದು ಮಾರಲೆಂದು 1990ರ ದಶಕದಲ್ಲಿ ಸಂರಕ್ಷಣಾ ಸಂಸ್ಥೆಗಳು ಒಂದು ಯೋಜನೆಯನ್ನೂ ನಡೆಸಿದವು. ಕೊಳ್ಳುವವರು ಮಾರುವವರನ್ನು ಕೇಳಬೇಕಾದ ಪ್ರಶ್ನೆ ಇದು: ಈ ಗೆಡ್ಡೆ ನರ್ಸರಿಯಲ್ಲಿ ಬೀಜದಿಂದ ಅಥವಾ ಮರಿಯಿಂದ ಬೆಳೆದದ್ದೇ? ಸ್ಪಷ್ಟ ಉತ್ತರ ಸಿಗದಿದ್ದರೆ ಕೊಳ್ಳಬಾರದು. ಒಂದೇ ಗಾತ್ರವಿಲ್ಲದ, ಗಾಯವಾದ, ಅಗ್ಗದ ಗೆಡ್ಡೆಗಳ ರಾಶಿ ಕಂಡರೆ ಅನುಮಾನ ಪಡಲು ಕಾರಣವಿದೆ.

ಬೀಜದ ದಾರಿ ಎಲ್ಲಕ್ಕಿಂತ ಒಳ್ಳೆಯದು. ಈ ಕುಲದ ಬೀಜಗಳಿಗೆ ಸೈಟ್ಸ್ ಪರವಾನಗಿ ಬೇಕಿಲ್ಲ. ಆಯಾ ದೇಶದ ಸಸ್ಯ ಆರೋಗ್ಯದ ನಿಯಮಗಳನ್ನು ಪಾಲಿಸಿದರೆ ಸಾಕು. 1929ರಲ್ಲಿ ಶುರುವಾದ ಬ್ರಿಟನ್ನಿನ ಆಲ್ಪೈನ್ ಗಾರ್ಡನ್ ಸೊಸೈಟಿ, 1933ರ ಸ್ಕಾಟಿಷ್ ರಾಕ್ ಗಾರ್ಡನ್ ಕ್ಲಬ್‌ಗಳಂತಹ ಸಂಘಗಳು ಸದಸ್ಯರ ನಡುವೆ ಬೀಜ ವಿನಿಮಯ ನಡೆಸುತ್ತವೆ. ಬೀಜ ಹೊಸದಾಗಿದ್ದಷ್ಟೂ ಮೊಳಕೆ ಚೆನ್ನ. ಶರತ್ಕಾಲದಲ್ಲಿ, ಆಳವಾದ ಕುಂಡದಲ್ಲಿ, ಒಂದು ಸೆಂಟಿಮೀಟರ್ ಕೆಳಗೆ ಬಿತ್ತಿ ಮೇಲೆ ಕಡಿ ಹರಡಿ ಹೊರಗಿನ ಚಳಿಗೆ ಬಿಡಬೇಕು. ಮೊದಲ ವರ್ಷ ಬರುವುದು ಒಂದೇ ಎಲೆ. ಎರಡು ಬೆಳೆಗಾಲ ಮುಗಿಯುವವರೆಗೆ ಸಸಿಗಳನ್ನು ಅದೇ ಕುಂಡದಲ್ಲಿ ಬಿಡುವುದು ಲೇಸು. ಹೂ ಕಾಣಲು ನಾಲ್ಕೈದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು. ತಾಳ್ಮೆ ಬೇಕು ನಿಜ, ಆದರೆ ನಮ್ಮದೇ ಮಣ್ಣಿನಲ್ಲಿ ಹುಟ್ಟಿದ ಗೆಡ್ಡೆಯನ್ನು ಬಂಡೆತೋಟಕ್ಕೆ ಇಳಿಸುವಾಗ ಅದು ಬೇರೂರುವ ಭರವಸೆ ಕೊಂಡುತಂದ ಒಣ ಗೆಡ್ಡೆಗಿಂತ ಹೆಚ್ಚು.

ಗೆಡ್ಡೆ ತಾನಾಗಿ ಮರಿ ಹಾಕುವುದು ನಿಧಾನ. ಅನುಭವಸ್ಥ ಬೆಳೆಗಾರರು ಅದನ್ನು ಬೇಸಿಗೆಯ ಸುಪ್ತಾವಸ್ಥೆಯಲ್ಲಿ ಹೋಳು ಮಾಡಿ, ತಳಬಿಲ್ಲೆಯ ಚೂರು ಅಂಟಿರುವಂತೆ ಎರಡೆರಡು ಪದರಗಳಾಗಿ ಬಿಡಿಸಿ, ಶಿಲೀಂಧ್ರನಾಶಕದಲ್ಲಿ ಅದ್ದಿ, ತುಸು ತೇವದ ವರ್ಮಿಕ್ಯುಲೈಟ್ ಎಂಬ ಹಗುರ ಖನಿಜದ ಚೂರುಗಳ ಜೊತೆ ಚೀಲದಲ್ಲಿ ಕಟ್ಟಿ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕತ್ತಲಲ್ಲಿ ಇಡುತ್ತಾರೆ. ಸುಮಾರು ಹನ್ನೆರಡು ವಾರಗಳಲ್ಲಿ ಪದರಗಳ ನಡುವೆ ಪುಟ್ಟ ಮರಿಗೆಡ್ಡೆಗಳು ಮೂಡುತ್ತವೆ. ಒಂದೇ ಗೆಡ್ಡೆ ಇರುವವರು ಈ ಪ್ರಯೋಗಕ್ಕೆ ಕೈ ಹಾಕುವುದು ಬೇಡ. ಮೊದಲು ಅಗ್ಗದ ನಾರ್ಸಿಸಸ್ ಗೆಡ್ಡೆಯ ಮೇಲೆ ಕೈ ಪಳಗಿಸಿಕೊಳ್ಳಲಿ. ಹೀಗೆ ಬಂದ ಮರಿಗಳೆಲ್ಲ ತಾಯಿಗೆಡ್ಡೆಯ ತದ್ರೂಪಗಳು ಎನ್ನುವುದನ್ನೂ ಮರೆಯಬಾರದು. ತೋಟದಲ್ಲಿ ಹತ್ತು ಗೆಡ್ಡೆ ಇದ್ದರೂ ಅವು ತಳಿಯ ಲೆಕ್ಕದಲ್ಲಿ ಒಂದೇ ಗಿಡ. ಒಳ್ಳೆಯ ಬೀಜ ಬೇಕಾದರೆ ಬೇರೆ ಬೇರೆ ಬೀಜದಿಂದ ಬಂದ ಎರಡು ಗಿಡಗಳ ನಡುವೆ ಪರಾಗ ದಾಟಿಸಬೇಕು. ಜೇನುಗಳು ಹೊರಬಾರದ ಚಳಿಯಲ್ಲಿ ಆ ಕೆಲಸವನ್ನು ನಾವೇ ಸಣ್ಣ ಕುಂಚದಿಂದ, ಹೂ ಪೂರ್ತಿ ತೆರೆದ ಬಿಸಿಲಿನ ಮಧ್ಯಾಹ್ನ ಮಾಡಬೇಕಾಗುತ್ತದೆ. ಇನ್ನೊಂದು ಗಿಡ ನಮ್ಮಲ್ಲಿ ಇಲ್ಲದಿದ್ದರೆ, ಮತ್ತೊಬ್ಬ ಬೆಳೆಗಾರರಿಂದ ಒಣಗಿಸಿದ ಪರಾಗವನ್ನು ಕಾಗದದ ಪೊಟ್ಟಣದಲ್ಲಿ ತರಿಸಿ, ನಮ್ಮ ಹೂ ಅರಳುವವರೆಗೆ ಫ್ರಿಜ್‌ನಲ್ಲಿ ತೇವ ತಾಗದಂತೆ ಇಟ್ಟುಕೊಳ್ಳಬಹುದು.